ಹೊಂಗೆಮರದ ಕೆಳಗೆ ಕೂತ ದಿನ

ನಮ್ಮ ಪಿ.ಟಿ. ಮಿಸ್ಸು ತೀರಿಕೊಂಡರೆಂದು ವಿಮಲ ಫೋನು ಮಾಡಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ತಿಂಡಿ ತಿಂದಿದ್ರಂತಾ?"

ವಿಮಲ ಕಾಲೇಜಿನಲ್ಲಿ ನನ್ನ ಜೊತೆ ಓಡುತ್ತಿದ್ದವಳು, ಬೈಯುವುದರಲ್ಲಿ ಎಂದೂ ಹಿಂದೆ ಬಿದ್ದವಳಲ್ಲ. "ಥೂ ನಿನ್ನ! ಯಾರಾದ್ರೂ ಹೋದ್ರು ಅಂದ್ರೆ ಏನಾಗಿತ್ತು, ಎಷ್ಟೊತ್ತಿಗೆ ಅಂತ ಕೇಳ್ತಾರೆ. ತಿಂಡಿ ತಿಂದಿದ್ರಾ ಅಂತ ಕೇಳ್ತಾರೇನೇ? ಬೆಳಿಗ್ಗೆ ಕುರ್ಚಿ ಮೇಲೆ ಕೂತಂಗೇ ಹೋದ್ರಂತೆ. ವಯಸ್ಸು ತೊಂಬತ್ತರ ಹತ್ರ ಆಗಿತ್ತಲ್ಲ. ತಿಂಡಿ ವಿಷ್ಯ ನಂಗೊತ್ತಿಲ್ಲಮ್ಮ."

"ಸರಿ, ನಾನೇ ಹೋಗಿ ಕೇಳ್ತೀನಿ" ಎಂದು ಫೋನಿಟ್ಟೆ.

ವಿಮಲಳ ತಪ್ಪೇನಿಲ್ಲ. ಆ ಪ್ರಶ್ನೆಯ ಹಿಂದಿನ ಕಥೆ ಮಿಸ್ಸಿಗೂ ನನಗೂ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಯಾರಿಗೂ ಹೇಳಬೇಡ ಎಂದಿದ್ದರು. ಐವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ಇನ್ನು ಹೇಳಿದರೆ ಅವರೇನು ಬಂದು ಕಿವಿ ಹಿಂಡುವುದಿಲ್ಲವಲ್ಲ.

ಎಪ್ಪತ್ತರ ದಶಕದ ಮಾತು. ನಮ್ಮದು ರಾಜಾಜಿನಗರದ ಹೆಣ್ಣುಮಕ್ಕಳ ಕಾಲೇಜು. ಹಿಂದುಗಡೆ ಕೆಂಪು ಮಣ್ಣಿನ ಮೈದಾನ, ಅದರ ಮೂಲೆಯಲ್ಲಿ ಒಂದು ಹೊಂಗೆಮರ. ಮಿಸ್ಸು ಕುರುಬರಹಳ್ಳಿಯವರು. ಆಗ ಅದು ಹೆಸರಿಗೆ ತಕ್ಕಂತೆ ಹಳ್ಳಿಯೇ ಆಗಿತ್ತು. ಅವರ ಮನೆಯಲ್ಲಿ ಎತ್ತು, ಹಸು, ರಾಗಿ ಹೊಲ ಎಲ್ಲ ಇದ್ದವು. ಬೆಳಗಿನ ಜಾವ ಕೊಟ್ಟಿಗೆ ಗುಡಿಸಿ, ಸಗಣಿ ಬಾಚಿ, ಸ್ನಾನ ಮಾಡಿ, ಆರಕ್ಕೆ ಸರಿಯಾಗಿ ಮೈದಾನಕ್ಕೆ ನಡೆದೇ ಬರುತ್ತಿದ್ದರು. ಕುಳ್ಳಗೆ, ದಪ್ಪಗೆ. ಬಿಳಿ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಾಲಿಗೆ ಸೀಮೆಸುಣ್ಣ ಬಳಿದ ಕ್ಯಾನ್ವಾಸ್ ಶೂ, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಸೀಟಿ. ಅವರು ಓಡಿದ್ದನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಕೂತಿದ್ದನ್ನು ಕಂಡವರೂ ಇಲ್ಲ. ಪ್ರಾಕ್ಟೀಸ್ ಮುಗಿಯುವವರೆಗೂ ನಿಂತೇ ಇರುತ್ತಿದ್ದರು. "ನಾನು ಕೂತ್ರೆ ನೀವು ಮಲಗ್ತೀರ, ನಿಮ್ಮನ್ನ ನಾನು ಕಾಣೆನಾ?" ಎನ್ನುತ್ತಿದ್ದರು. ಸಾಮಾನ್ಯವಾಗಿ ಪೇಟೆ ಮಾತು. ಸಿಟ್ಟು ಬಂತೋ, ಅಪ್ಪಟ ಹಳ್ಳಿ.

ಊಟಕ್ಕೆ ಅವರು ಊಟ ಎನ್ನುತ್ತಿರಲಿಲ್ಲ. ಮೇವು. ಮೈದಾನಕ್ಕೆ ಕಾಲಿಟ್ಟವರಿಗೆಲ್ಲ ಮೊದಲ ಪ್ರಶ್ನೆ, "ಮೇವಾಯ್ತೇನೇ?" ಆಗಿಲ್ಲ ಎಂದರೆ ಓಡುವಂತಿಲ್ಲ. ಒಮ್ಮೆ ನಮ್ಮ ಪ್ರಿನ್ಸಿಪಾಲರು ಬೆಳಿಗ್ಗೆ ಏನೋ ಕಾಗದ ಹಿಡಿದು ಮೈದಾನಕ್ಕೆ ಬಂದರು. ಮಹಾ ಗಂಭೀರ ಹೆಂಗಸು, ನಕ್ಕಿದ್ದನ್ನು ನಾವು ಕಂಡಿರಲಿಲ್ಲ. ಮಿಸ್ಸು ತಿರುಗಿದವರೇ ಅಭ್ಯಾಸಬಲದಿಂದ "ಮೇವಾಯ್ತಾ?" ಎಂದುಬಿಟ್ಟರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು. ನಾವು ಹುಡುಗಿಯರು ಉಸಿರು ಬಿಗಿಹಿಡಿದು ನಿಂತೆವು. ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡು, "ಇಲ್ಲ ರೀ, ಇನ್ನೂ ಕಾಫಿ ಅಷ್ಟೆ" ಎಂದರು. ಮಿಸ್ಸು ಡಬ್ಬಿಯಿಂದ ಒಂದು ಹುರಿಹಿಟ್ಟಿನ ಉಂಡೆ ತೆಗೆದು ಅವರ ಕೈಗಿಟ್ಟರು. ಪ್ರಿನ್ಸಿಪಾಲರು ಅದನ್ನು ತಿನ್ನುತ್ತಲೇ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು.

ಆದರೆ ಇದೆಲ್ಲ ಆಮೇಲಿನ ಮಿಸ್ಸು. ಮೊದಲು ಅವರು ಹೀಗಿರಲಿಲ್ಲ. ನಾನು ಸೇರಿದ ವರ್ಷ ಅವರ ಬಾಯಲ್ಲಿ ಮೇವೂ ಇಲ್ಲ, ಹುಲ್ಲೂ ಇಲ್ಲ. ಇದ್ದದ್ದು ಒಂದೇ ಮಂತ್ರ: "ಹಗುರಾಗ್ರೇ, ಹಗುರಾಗಿ! ಹೊಟ್ಟೆ ತುಂಬಿಸ್ಕೊಂಡು ಓಡಿದ್ರೆ ಕಾಲು ಏಳತ್ತಾ?" ಅವರಿಗೆ ಟ್ರೈನಿಂಗಿನಲ್ಲಿ ಹಾಗೇ ಕಲಿಸಿದ್ದರಂತೆ. ಉಳಿದ ಹುಡುಗಿಯರು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಟ್ಟರು. ನಾನೊಬ್ಬಳು ಪೆದ್ದಿ, ಮನಸ್ಸಿಗೆ ತೆಗೆದುಕೊಂಡೆ. ನನ್ನದು ಎಂಟುನೂರು ಮೀಟರ್. ಯೂನಿವರ್ಸಿಟಿ ಮೀಟಿನಲ್ಲಿ ಓಡಬೇಕೆಂಬ ಹುಚ್ಚು ತಲೆಗೆ ಹತ್ತಿತ್ತು.

ಹಗುರಾಗಲು ನಮ್ಮ ಮನೆಯಲ್ಲಿ ಕಷ್ಟಪಡಬೇಕಾಗಿಯೇ ಇರಲಿಲ್ಲ. ನಮ್ಮದು ಚಿತ್ರದುರ್ಗದ ಕಡೆಯ ಲಿಂಗಾಯತರ ಮನೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸ್ನಾನ, ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕುವಂತಿರಲಿಲ್ಲ. ನಾನು ಐದಕ್ಕೆ ಎದ್ದು ಮುಖ ತೊಳೆದು ಓಡುವವಳು, ಪೂಜೆಗೆ ಹೊತ್ತೆಲ್ಲಿ? ಒಂದೂವರೆ ಗಂಟೆ ಓಡಿ ಮನೆಗೆ ಬಂದು, ಸ್ನಾನ ಮಾಡಿ, ಪೂಜೆ ಮುಗಿಸುವಷ್ಟರಲ್ಲಿ ಕಾಲೇಜಿನ ಗಂಟೆ. ಒಂದು ಲೋಟ ಕಾಫಿ ಗಂಟಲಿಗೆ ಸುರಿದುಕೊಂಡು ಹೊರಟರೆ ಮಧ್ಯಾಹ್ನ ಡಬ್ಬಿಯಲ್ಲಿ ಒಂದು ರೊಟ್ಟಿ. ಸಂಜೆ ಮತ್ತೆ ಮೈದಾನ. ರಾತ್ರಿ ಅಪ್ಪ, ಅಣ್ಣಂದಿರು, ಊರಿಂದ ಬಂದವರು ಉಂಡು ಎದ್ದ ಮೇಲೆ ನಾನೂ ಅವ್ವನೂ ಉಳಿದದ್ದರಲ್ಲಿ. ಸೋಮವಾರ ಒಪ್ಪತ್ತು. ಅದರ ಮೇಲೆ ಮೀಟಿಗಾಗಿ ನಾನೇ ಹೊತ್ತ ಹರಕೆ, ಗುರುವಾರವೂ ಒಪ್ಪತ್ತು. ಕನ್ನಡಿಯಲ್ಲಿ ಕೆನ್ನೆಯ ಮೂಳೆ ಕಂಡಾಗ ಖುಷಿಯಾಗುತ್ತಿತ್ತು. ಮಿಸ್ಸು ನೋಡಿ, "ಭೇಷ್! ಹೀಗೇ ಇರು" ಎಂದಿದ್ದರು.

ಇನ್ನು ಹೊಂಗೆಮರದ ವಿಷಯ. ತಿಂಗಳ ಆ ಮೂರು ದಿನ ಓಡಲಾಗದವರು ಮಿಸ್ಸಿನ ಹತ್ತಿರ ಹೋಗಿ "ಮಿಸ್, ಇವತ್ತು ಮರ" ಎಂದರೆ ಸಾಕು. ಹೋಗಿ ಮರದ ಕೆಳಗೆ ಕೂರಬಹುದು. ಹೆಚ್ಚಿಗೆ ಒಂದು ಮಾತಿಲ್ಲ, ನಾಚಿಕೆಯೂ ಇಲ್ಲ. ಅದು ಮಿಸ್ಸು ಮಾಡಿದ ಏರ್ಪಾಡು. ಎಲ್ಲರೂ ತಿಂಗಳಿಗೊಮ್ಮೆ ಅಲ್ಲಿ ಕೂರುವವರೇ.

ನನಗೆ ಆ ವರ್ಷ ಗೌರಿಹಬ್ಬ ಕಳೆದ ಮೇಲೆ ಮುಟ್ಟು ನಿಂತುಹೋಯಿತು. ಪಕ್ಕದ ಮನೆಯವರಲ್ಲಾಗಿದ್ದರೆ ಹುಡುಗಿ ಹೊರಗೆ ಕೂರಲಿಲ್ಲವೆಂದು ಮೊದಲ ತಿಂಗಳೇ ಬೀದಿಗೆಲ್ಲ ಗೊತ್ತಾಗುತ್ತಿತ್ತು. ನಮ್ಮಲ್ಲಿ ಮೈಲಿಗೆಯ ಆಚರಣೆಯೇ ಇಲ್ಲ. ಮುಟ್ಟಾದರೂ ಒಳಗೆ, ಆಗದಿದ್ದರೂ ಒಳಗೆ. ಹಾಗಾಗಿ ಅವ್ವನಿಗೆ ಸುಳಿವೇ ಸಿಗಲಿಲ್ಲ. ನಾನಂತೂ ಪೀಡೆ ತೊಲಗಿತು ಎಂದುಕೊಂಡೆ. ಬಟ್ಟೆ ಒಗೆಯುವುದಿಲ್ಲ, ಹೊಟ್ಟೆನೋವಿಲ್ಲ, ಒಂದು ದಿನವೂ ಪ್ರಾಕ್ಟೀಸ್ ತಪ್ಪುವುದಿಲ್ಲ. ಇನ್ನೇನು ಬೇಕು?

ಡಿಸೆಂಬರಿನ ಒಂದು ಬೆಳಿಗ್ಗೆ ಮರದ ಕೆಳಗೆ ಮೂರು ಜನ ಒಟ್ಟಿಗೆ ಕೂತಿದ್ದರು. ಅವರಲ್ಲಿ ಒಬ್ಬಳು ಬರೀ ಸೋಮಾರಿತನಕ್ಕೆ ಕೂತವಳು, ಮಿಸ್ಸಿಗೆ ಅದು ಗೊತ್ತಿತ್ತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನನ್ನನ್ನು ಮುಂದೆ ಎಳೆದುಕೊಂಡು ಹೇಳಿದರು:

"ನೋಡ್ರೇ ಇವಳನ್ನ. ಗೌರಿಹಬ್ಬದಿಂದ ಈಚೆಗೆ ಒಂದೇ ಒಂದು ದಿನ ಮರದ ಕೆಳಗೆ ಕೂತಿಲ್ಲ! ಓಡೋದು ಅಂದ್ರೆ ಇದು. ಚಪ್ಪಾಳೆ ಹೊಡೀರಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಮಿಸ್ಸೂ ನಗುತ್ತ ಚಪ್ಪಾಳೆ ತಟ್ಟುತ್ತಿದ್ದರು. ಹಾಗೆ ತಟ್ಟುತ್ತಿದ್ದ ಅವರ ಕೈ ನಡುವೆಯೇ ನಿಂತಿತು. ಉಳಿದವರನ್ನು ಓಡಲು ಕಳಿಸಿ ನನ್ನನ್ನು ಪಕ್ಕಕ್ಕೆ ಕರೆದರು.

"ಲೇ, ನಿಜ ಹೇಳು. ಕೊನೇಸಲ ಆಗಿದ್ದು ಯಾವಾಗ?"

"ಗೌರಿಹಬ್ಬದ ಹಿಂದೆಮುಂದೆ, ಮಿಸ್."

"ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ!" ಎಂದು ಹಣೆ ಚಚ್ಚಿಕೊಂಡರು. "ಇದಕ್ಕೆ ಚಪ್ಪಾಳೆ ಬೇರೆ ಹೊಡ್ಸಿದ್ನಲ್ಲೇ!"

ಅವತ್ತು ಸಂಜೆಯೇ ನಮ್ಮ ಮನೆಗೆ ಬಂದರು. ಅಡುಗೆಮನೆಯಲ್ಲಿ ಅವ್ವನ ಕಿವಿಯಲ್ಲಿ ವಿಷಯ ಹೇಳಿದ್ದೇ ತಡ, ಅವ್ವನ ಮುಖ ಬಿಳುಚಿಕೊಂಡಿತು. ನನ್ನ ರಟ್ಟೆ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋಗಿ, "ಏನ್ ಮಾಡ್ಕೊಂಡಿದಿಯೇ?" ಎಂದಳು. ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಳು ತಡೆಯಲಾಗಲಿಲ್ಲ. ಮಿಸ್ಸು ನಮ್ಮಿಬ್ಬರ ನಡುವೆ ಬಂದು ನಿಂತರು. "ಅಮ್ಮಾ, ಅಂಥದ್ದಲ್ಲ. ಅವಳ ತೋಳು ಹಿಡಿದಿದ್ದೀರಲ್ಲ, ಅದ್ರಲ್ಲಿ ಮಾಂಸ ಎಲ್ಲಿದೆ ನೋಡಿ. ತಪ್ಪು ಅವಳದಲ್ಲ, ನಂದು. ಹಗುರಾಗು ಹಗುರಾಗು ಅಂತ ತಲೆ ತಿಂದೋಳು ನಾನು." ಅವ್ವ ನನ್ನ ತೋಳನ್ನು ಬಿಡಲಿಲ್ಲ. ಆದರೆ ಹಿಡಿತ ಸಡಿಲವಾಯಿತು. ಬೆರಳಿಂದ ಸುತ್ತಿ ಅಳೆಯುವಂತೆ ಹಿಡಿದುಕೊಂಡೇ ನಿಂತಳು.

ಮಾರನೆಯ ದಿನ ಲೇಡಿ ಡಾಕ್ಟರ ಹತ್ತಿರ ಹೋದೆವು. ಅವ್ವ ಹೆದರಿದಂಥದ್ದು ಏನೂ ಇಲ್ಲವೆಂದು ಅವರು ಹೇಳಿದಾಗ ಅವ್ವ ಅಲ್ಲೇ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಡಾಕ್ಟರು ರಕ್ತ ಕಡಿಮೆಯಿದೆಯೆಂದು ಟಾನಿಕ್ ಬರೆದುಕೊಟ್ಟರು. "ಈ ಓಟಗೀಟ ನಿಲ್ಲಿಸಿ. ಮದುವೆ ಮಾಡಿ, ಎಲ್ಲಾ ತಾನೇ ಸರಿಹೋಗತ್ತೆ" ಎಂದೂ ಹೇಳಿದರು. ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ಊರ ಕಡೆಯಿಂದ ಒಂದು ಸಂಬಂಧ ಬಂದು ಕಾದಿತ್ತು. ಕಾಲೇಜು ಸಾಕು, ಓಟವಂತೂ ಬೇಡವೇ ಬೇಡ ಎಂದುಬಿಟ್ಟರು.

ಮಿಸ್ಸು ಮತ್ತೆ ಬಂದರು. ಅಪ್ಪ ನಡುಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದರು. ಇಂಥ ವಿಷಯವನ್ನು ಗಂಡಸರ ಮುಂದೆ ಆಡುವ ಕಾಲವಲ್ಲ ಅದು. ಮಿಸ್ಸು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನ ಜೊತೆ, ನಡುಮನೆಗೆ ಚೆನ್ನಾಗಿ ಕೇಳುವಂತೆ, ತಮ್ಮ ಮನೆಯ ಹಸುವಿನ ಸುದ್ದಿ ತೆಗೆದರು.

"ಅಮ್ಮಾ, ನಮ್ಮ ಮನೇಲಿ ಒಂದು ಹಸು ಇತ್ತು. ಮಳೆ ಕೈಕೊಟ್ಟ ವರ್ಷ ಮೇವು ಸಾಲಲಿಲ್ಲ. ಹಗಲೆಲ್ಲ ಮೈಲಿಗಟ್ಲೆ ತಿರುಗಿ ಬರೋದು, ಬಂದ್ರೆ ಒಂದು ಹಿಡಿ ಒಣಹುಲ್ಲು. ಆ ವರ್ಷ ಅದು ಬೆದೆಗೇ ಬರಲಿಲ್ಲ. ಏನೋ ಕಾಯಿಲೆ, ಮಾರಿಬಿಡೋಣ ಅಂದ್ರು ನಮ್ಮಣ್ಣ. ನಮ್ಮಪ್ಪ ಬೇಡ ಅಂದ್ರು. ಹಿಂಡಿ ಹಾಕಿದ್ರು, ಹಸಿಹುಲ್ಲು ಹಾಕಿದ್ರು. ತಾನಾಗೇ ಸರಿಹೋಯ್ತು. ತಿರುಗೋದನ್ನ ಯಾರೂ ನಿಲ್ಲಿಸ್ಲಿಲ್ಲ."

ಅವ್ವ ನಾಚಿಕೆಯಿಂದ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಡುಮನೆಯಲ್ಲಿ ಅಪ್ಪ ಕೆಮ್ಮಿದರು. ಪೇಪರು ಮಡಿಚಿದ ಸದ್ದು ಕೇಳಿಸಿತು. ಎಷ್ಟಾದರೂ ದನ ಕಾಯ್ದು ಬೆಳೆದ ಮನುಷ್ಯ.

"ಅದು ಖರೆ ಐತಿ ಮೇಡಂ," ಎಂದರು ಅಲ್ಲಿಂದಲೇ. "ನಮ್ಮೂರಾಗೂ ಹಂಗೇ ಆಗಿತ್ತು. ಎಷ್ಟ್ ದಿನ ಬೇಕಾತು ನಿಮ್ಮ ಹಸುಗೆ?"

"ಶಿವರಾತ್ರಿವರೆಗೂ ಕೊಡಿ ಸಾರ್. ಅಷ್ಟರಲ್ಲಿ ಸರಿಹೋಗ್ಲಿಲ್ಲ ಅಂದ್ರೆ ತಿರುಗೋದನ್ನ ನಾನೇ ನಿಲ್ಲಿಸ್ತೀನಿ. ಆಮೇಲೆ ನೀವು ಹೇಳ್ದಂಗೆ."

"ಶಿವರಾತ್ರಿ ಅಂದ್ರೆ ಶಿವರಾತ್ರಿ. ಅದರ ಮ್ಯಾಗೆ ಒಂದು ದಿನ ಇಲ್ಲ" ಎಂದರು ಅಪ್ಪ.

ನನ್ನ ಓಟ, ಓದು, ಮದುವೆ ಎಲ್ಲ ಕುರುಬರಹಳ್ಳಿಯ ಒಂದು ಹಸುವಿನ ಮೇಲೆ ತೀರ್ಮಾನವಾಯಿತು. ನನ್ನ ಹೆಸರನ್ನು ಯಾರೂ ಎತ್ತಲಿಲ್ಲ.

ಮಾರನೆಯ ದಿನದಿಂದ ಶುರುವಾಯಿತು ಮೇವು. "ಪೂಜೆ ತಪ್ಪಿಸೋದು ಬೇಡ, ಶಿವನ್ನ ಒಂದು ಗಂಟೆ ಮುಂಚೆ ಎಬ್ಬಿಸು" ಎಂದರು ಮಿಸ್ಸು. ಅವ್ವ ನಾಲ್ಕಕ್ಕೆ ಎದ್ದು ಒಲೆ ಹಚ್ಚಿ ನೀರು ಕಾಯಿಸುತ್ತಿದ್ದಳು. ಸ್ನಾನ, ಪೂಜೆ, ಆಮೇಲೆ ಹಾಲು ಬೆಲ್ಲ ಕಲಸಿದ ಹುರಿಹಿಟ್ಟು, ಎರಡು ಬಾಳೆಹಣ್ಣು. ಅದಾದ ಮೇಲೇ ಮೈದಾನ. ಓಟ ಮುಗಿದ ಕೂಡಲೇ ಮೊಳಕೆ ಹೆಸರುಕಾಳು, ಕಡಲೆಕಾಯಿ, ಬೆಲ್ಲ. ತಿನ್ನುವ ಹುಡುಗಿಯರಿಗೆ ಬೇಯಿಸಿದ ಮೊಟ್ಟೆ ತರಿಸುತ್ತಿದ್ದರು. ನನಗೆ ಒತ್ತಾಯ ಮಾಡಲಿಲ್ಲ. "ನಿನಗೆ ಕಡಲೆಕಾಯೇ ಮೊಟ್ಟೆ, ಇನ್ನೊಂದು ಹಿಡಿ ತಗೋ" ಎನ್ನುತ್ತಿದ್ದರು. ಹರಕೆಯ ವಿಷಯ ಗೊತ್ತಾದಾಗ ಮಾತ್ರ ಹಳ್ಳಿ ಮಾತು ಹೊರಬಿತ್ತು. "ಉಣ್ಣಾಕೆ ಏನ್ ಬಂದೈತೆ ನಿಂಗೆ? ಸಿವ ಬಂದು ನಿನ್ ಬದ್ಲು ಓಡ್ತಾನಾ? ಓಡೋರು ಹರಕೆ ಹೊರಬಾರ್ದು ಕಣೇ!" ಆವತ್ತಿನಿಂದ ಟೀಮಿನಲ್ಲಿ ಯಾರೂ ಉಪವಾಸ ಮಾಡುವಂತಿಲ್ಲ ಎಂದು ಕಟ್ಟಪ್ಪಣೆಯಾಯಿತು.

ಮನೆಯಲ್ಲಿ ಇನ್ನೂ ಒಂದು ಆಯಿತು. ಒಂದು ರಾತ್ರಿ ಅವ್ವ ಗಂಡಸರಿಗೆ ತಟ್ಟೆ ಹಾಕುವಾಗ ಅಪ್ಪನ ಪಕ್ಕ ಇನ್ನೊಂದು ತಟ್ಟೆ ಇಟ್ಟಳು. ಇದು ಯಾರಿಗೆ ಎಂದು ಅಣ್ಣ ಕೇಳಿದ. "ಓಡೋಳಿಗೆ" ಎಂದಳು. ಅಪ್ಪನ ಪಕ್ಕ ಕೂತು ಉಣ್ಣಲು ನನಗೆ ನಾಚಿಕೆಯಾಗಿ ತಲೆಯೇ ಎತ್ತಲಿಲ್ಲ. ಅಪ್ಪ ತುಪ್ಪದ ಗಿಂಡಿಯನ್ನು ನನ್ನ ಕಡೆ ಸರಿಸಿದರು.

ಸಂಕ್ರಾಂತಿ ಕಳೆಯಿತು. ಮೈಗೆ ಸ್ವಲ್ಪ ಬಣ್ಣ ಬಂತು. ಎರಡನೆಯ ಸುತ್ತಿನಲ್ಲಿ ಕಣ್ಣು ಕತ್ತಲಿಡುವುದು ನಿಂತಿತು. ಗಡಿಯಾರ ನೋಡಿದರೆ ಓಟವೂ ಚುರುಕಾಗಿತ್ತು. ಬರಬೇಕಾದದ್ದೊಂದು ಬರಲಿಲ್ಲ. ಬಚ್ಚಲಿನಿಂದ ಹೊರಬಂದರೆ ಅವ್ವ ನನ್ನ ಮುಖ ನೋಡುವಳು, ನಾನು ಇಲ್ಲವೆಂದು ತಲೆ ಆಡಿಸುವೆ. ಅಪ್ಪ ವಾರಕ್ಕೊಮ್ಮೆ, ಕಚೇರಿಗೆ ಹೊರಡುವಾಗ, ಚಪ್ಪಲಿ ಮೆಟ್ಟುತ್ತ ಕೇಳುವರು, "ಮೇಡಂ ಅವರ ಹಸು ಹೆಂಗೈತಂತೆ?" ಅವ್ವ, "ಇನ್ನೂ ಏನೂ ಇಲ್ಲವಂತೆ" ಎನ್ನುವಳು.

ಇತ್ತ ಮಿಸ್ಸು ವಿಚಿತ್ರವಾಗುತ್ತ ಬಂದರು. ಸಣ್ಣಪುಟ್ಟದಕ್ಕೂ ಸಿಡುಕುತ್ತಿದ್ದರು. ರವಿಕೆಯ ತೋಳು ಜೋಲುತ್ತಿತ್ತು. ಏಳೂವರೆಗೆ ಬಿಚ್ಚುತ್ತಿದ್ದ ತಮ್ಮ ಡಬ್ಬಿಯನ್ನು ನಮಗೇ ಹಂಚಿಬಿಡುತ್ತಿದ್ದರು. "ನೀವು ತಿನ್ನಿ ಮಿಸ್" ಎಂದರೆ "ನಂದು ಮನೇಲೇ ಆಯ್ತು" ಎನ್ನುತ್ತಿದ್ದರು. ಮಿಸ್ಸೂ ಮೀಟಿಗೆ ಓಡುತ್ತಾರೇನೋ, ಹಗುರಾಗ್ತಿದ್ದಾರೆ ಎಂದು ವಿಮಲ ನಗೆಯಾಡಿದಳು. ನಾವೂ ನಕ್ಕೆವು.

ಶಿವರಾತ್ರಿಗೆ ಒಂದು ವಾರ ಉಳಿಯಿತು. ಊರಿನವರು ಹಬ್ಬ ಮುಗಿದ ಮೇಲೆ ಹೆಣ್ಣು ನೋಡಲು ಬರುತ್ತೇವೆಂದು ಕಾಗದ ಬರೆದರು. ಆ ರಾತ್ರಿ ಅಪ್ಪನ ಪಕ್ಕ ಕೂತಾಗ ಒಂದೊಂದು ತುತ್ತನ್ನೂ ಮಿಸ್ಸಿನ ಮೇಲೆ ಆಣೆಯಿಟ್ಟಂತೆ ನುಂಗಿದೆ.

ಶಿವರಾತ್ರಿಗೆ ಮೂರು ದಿನವಿತ್ತು. ಬೆಳಿಗ್ಗೆ ಎರಡನೆಯ ಸುತ್ತು ಓಡುತ್ತಿದ್ದಾಗ ಕಿಬ್ಬೊಟ್ಟೆಯಲ್ಲಿ ಹಿಂಡಿದಂತಾಯಿತು. ಮರೆತೇಹೋಗಿದ್ದ ನೋವು. ಓಡುವುದನ್ನು ಬಿಟ್ಟು ಕ್ರೀಡಾಕೋಣೆಯ ಹಿಂದೆ ಹೋಗಿ ನೋಡಿಕೊಂಡೆ. ಅನುಮಾನವೇ ಇರಲಿಲ್ಲ. ವಿಮಲಳ ಹತ್ತಿರ ಬಟ್ಟೆ ಇಸಿದುಕೊಂಡು, ನೆಟ್ಟಗೆ ಹೋಗಿ ಹೊಂಗೆಮರದ ಕೆಳಗೆ ಕೂತೆ.

ಮೈದಾನದ ಆ ತುದಿಯಿಂದ ಮಿಸ್ಸು ಕೂಗಿದರು. "ಯಾಕ್ಲೇ, ಓಡಾದ್ ಬಿಟ್ಟು ಅಲ್ಲಿ ಕುಂತ್ಕಂಡೆ? ಎದ್ದೇಳೇ ಮ್ಯಾಕೆ!"

ನಾನು ಏಳಲಿಲ್ಲ. ಸಿಟ್ಟಿನಿಂದ ಸೀಟಿ ಊದುತ್ತ ಧಾಪುಗಾಲು ಹಾಕಿಕೊಂಡು ಬಂದರು. ನಾನು ಅವರ ಮುಖವನ್ನೇ ನೋಡುತ್ತ ಹೇಳಿದೆ:

"ಮಿಸ್, ಇವತ್ತು ಮರ."

ಬಾಯಲ್ಲಿದ್ದ ಸೀಟಿ ಜಾರಿ ಎದೆಯ ಮೇಲೆ ಬಿತ್ತು. "ಇನ್ನೊಂದ್ಸಲ ಹೇಳು."

"ಇವತ್ತು ಮರ, ಮಿಸ್."

ಮಿಸ್ಸು ಕೂತುಬಿಟ್ಟರು. ಬಿಳಿ ಸೀರೆ, ಕೆಂಪು ಮಣ್ಣು, ಯಾವುದನ್ನೂ ನೋಡದೆ ನನ್ನ ಪಕ್ಕ ಕೂತರು. ಓಡುತ್ತಿದ್ದ ಹುಡುಗಿಯರೆಲ್ಲ ಹಾಗೇ ನಿಂತು ನೋಡಿದರು. ಮಿಸ್ಸು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದರು, ನಗುತ್ತಲೂ ಇದ್ದರು. ನನಗೂ ಅಷ್ಟೇ. ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ಕೇಳಿದರು, "ನಿನ್ನ ಡಬ್ಬೀಲಿ ಏನಿದೆ?"

"ರೊಟ್ಟಿ, ಕಡಲೆಕಾಯಿ ಚಟ್ನಿಪುಡಿ."

"ತೆಗಿ."

ತೆಗೆದುಕೊಟ್ಟೆ. ಮೊದಲ ರೊಟ್ಟಿ ಹೇಗೆ ಹೋಯಿತೋ ಕಾಣಲಿಲ್ಲ. ಎರಡನೆಯದಕ್ಕೆ ಕೈಹಾಕಿದಾಗ ನಾನು ಹೆದರಿ, "ನಿಧಾನ ಮಿಸ್, ನೆತ್ತಿಗೆ ಹತ್ತತ್ತೆ. ಮನೇಲಿ ತಿಂಡಿ ಆಗಿಲ್ವಾ?" ಎಂದೆ.

"ಎಲ್ಲಿ ತಿಂಡಿ? ನೀನು ಈ ಮರದ ಕೆಳಗೆ ಕೂರೋವರ್ಗೂ ಬೆಳಗಿನ ಹೊತ್ತು ಬಾಯಿಗೆ ಏನೂ ಹಾಕಲ್ಲ ಅಂತ ನಮ್ಮೂರಮ್ಮಂಗೆ ಹರಕೆ ಹೊತ್ತಿದ್ದೆ. ಡಿಸೆಂಬರಿಂದ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಮಗೆಲ್ಲ ಹರಕೆ ಹೊರಬೇಡಿ ಅಂತ ಬೈದು, ಉಪವಾಸ ಮಾಡಂಗಿಲ್ಲ ಅಂತ ಆರ್ಡರ್ ಹಾಕಿ, ನೀವು ಮಾತ್ರ..."

"ಓಡೋರು ಹೊರಬಾರ್ದು ಅಂದಿದ್ದು ಕಣೇ" ಎಂದರು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. "ನಾನು ನಿಂತ್ಕೊಂಡಿರೋಳು ತಾನೇ? ತಪ್ಪು ನಂದು, ಉಪವಾಸ ನೀನು ಮಾಡಕ್ಕಾಗತ್ತಾ? ಯಾರಿಗೂ ಹೇಳ್ಬೇಡ ಮತ್ತೆ. ಮರ್ಯಾದೆ ಹೋಗತ್ತೆ ನಂದು." ಮೂರನೆಯ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಬಾಯಿಗಿಟ್ಟರು.

ಮನೆಗೆ ಹೋಗಿ ಅವ್ವನ ಮುಖ ನೋಡಿ ಹೂಂ ಎಂದು ತಲೆಯಾಡಿಸಿದೆ. ಅವ್ವ ದೇವರ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಸಂಜೆ ಅಪ್ಪನಿಗೆ, "ಮೇಡಂ ಹಸು ಸರಿಹೋತಂತೆ" ಎಂದಳು. ಅಪ್ಪ ಮತ್ತೆ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಬರುವಾಗ ಕೈಚೀಲದ ತುಂಬ ಹಸಿ ಕಡಲೆಕಾಯಿ. ಊರಿಗೆ ಕಾಗದ ಬರೆದು ಸಂಬಂಧವನ್ನು ಮುಂದಕ್ಕೆ ಹಾಕಿದರು. ನನ್ನ ಮದುವೆಯಾಗಿದ್ದು ಮೂರು ವರ್ಷದ ನಂತರ, ಡಿಗ್ರಿ ಮುಗಿಸಿ, ಬೇರೆ ಕಡೆ. ಮೀಟಿನಲ್ಲಿ ನಾನು ಮೂರನೆಯವಳಾಗಿ ಬಂದೆ. ಮೊದಲನೆಯವಳಾಗಿದ್ದರೂ ಮಿಸ್ಸು ಅಷ್ಟು ಕುಣಿಯುತ್ತಿರಲಿಲ್ಲ.

ಆಮೇಲೆ ಅವರು ಎಷ್ಟು ಸಲ ಸಿಕ್ಕಿದರೂ "ಮೇವಾಯ್ತಾ?" ಎಂದು ಅವರು ಕೇಳುವುದು, "ನಿಮ್ದಾಯ್ತಾ, ನಿಜ ಹೇಳಿ" ಎಂದು ನಾನು ಕೇಳುವುದು. ಆ ಹೆಂಗಸನ್ನು ನಂಬುವಂತಿರಲಿಲ್ಲ. ಯಾವ ಹುಡುಗಿಗಾಗಿ ಯಾವ ಹರಕೆ ಹೊತ್ತಿದ್ದಾರೋ ಎಂಬ ಅನುಮಾನ ಕೊನೆಯವರೆಗೂ ಇದ್ದೇ ಇತ್ತು.

ಕುರುಬರಹಳ್ಳಿಯ ಮನೆಗೆ ಹೋದಾಗ ಅವರನ್ನು ಹೊರಗೆ ತಂದು ಮಲಗಿಸಿದ್ದರು. ಕೆನ್ನೆ ತುಂಬಿಕೊಂಡೇ ಇತ್ತು. ಅವರನ್ನು ನೋಡಿಕೊಳ್ಳುತ್ತಿದ್ದ, ಅವರ ತಂಗಿಯ ಮಗಳನ್ನು ಒಳಗೆ ಕರೆದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆ ವಿಚಿತ್ರವೆನಿಸಲಿಲ್ಲ.

"ತಿಂದ್ರು ಆಂಟಿ. ಎರಡು ಇಡ್ಲಿ ತಿಂದ್ರು. ಇನ್ನೊಂದು ಹಾಕು ಅಂದ್ರು. ಬಿಸೀದು ತರೋಣ ಅಂತ ಅಡುಗೆಮನೆಗೆ ಹೋದೆ, ಬರೋಷ್ಟ್ರಲ್ಲಿ..." ಎಂದು ಅಳತೊಡಗಿದಳು.

"ಎರಡು ತಿಂದಿದ್ರಲ್ಲಮ್ಮ" ಎಂದೆ. ಎಷ್ಟು ಹಗುರವಾಯಿತೆಂದರೆ, ನಾನು ನಕ್ಕೆನೆಂದು ಕಾಣುತ್ತದೆ. ಅವಳು ಕಣ್ಣೊರೆಸಿಕೊಂಡು, "ನಿಮ್ದು ತಿಂಡಿ ಆಯ್ತಾ ಆಂಟಿ?" ಎಂದಳು. ಫೋನು ಬಂದ ಕೂಡಲೇ ಹಾಗೇ ಎದ್ದು ಬಂದಿದ್ದೆ. ಆಗಿರಲಿಲ್ಲ.

ಮೂರನೆಯ ಇಡ್ಲಿ ತಟ್ಟೆಯಲ್ಲಿ ಹಾಗೇ ಆರಿಹೋಗಿತ್ತು. ಸಾವಿನ ಮನೆಯಲ್ಲಿ ತಿನ್ನಬಾರದೆಂದು ನನಗೂ ಗೊತ್ತು. ನಿಂತುಕೊಂಡೇ ಪೂರ್ತಿ ತಿಂದೆ. ತಿನ್ನದೆ ಹೋಗಿದ್ದರೆ ಬೈಯುತ್ತಿದ್ದವರು ಹೊರಗೆ ಮಲಗಿದ್ದರು.